ಸಹಾಯ ಬೇಕು: ಸ್ಪಿತಿಯ ಸುಣ್ಣದ ಕಲ್ಲು ಹತ್ತಿದವರು ಯಾರಾದ್ರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನು ಪುಣೆಯ ಕೋಥ್ರೂಡ್‌ನಲ್ಲಿದ್ದೇನೆ, ಊರು ಬಾಗಲಕೋಟೆ. ಸೆಪ್ಟೆಂಬರ್‌ನಲ್ಲಿ ನಾವು ಮೂವರು ಹಿಮಾಚಲದ ಸ್ಪಿತಿ ಕಣಿವೆಗೆ ಹೋಗುತ್ತಿದ್ದೇವೆ. ಅಲ್ಲಿನ ಒಂದು ಒಳಕಣಿವೆಯಲ್ಲಿ ಯಾರೂ ಹತ್ತಿದ ಗುರುತಿಲ್ಲದ ಬಂಡೆಗಳಲ್ಲಿ ಹೊಸ ದಾರಿ ಹುಡುಕುವ ಆಸೆ.

ನಾನು ಕಲಿತದ್ದು ಬಾದಾಮಿಯ ಮರಳುಗಲ್ಲಿನಲ್ಲಿ. ಇಲ್ಲಿಗೆ ಬಂದ ಮೇಲೆ ಸಿಂಹಗಡ, ಖಂಡಾಳದ ನಾಗಫಣಿ, ಎಲ್ಲಾ ಕಪ್ಪು ಬಸಾಲ್ಟ್ ಕಲ್ಲು. ಸ್ಪಿತಿಯಲ್ಲಿ ಸುಣ್ಣದ ಕಲ್ಲು. ಅದೇ ನನ್ನ ಚಿಂತೆ. ನೀರಿಗೆ ಕರಗಿ ಕೆಲವು ಕಡೆ ಒಳಗೆ ಟೊಳ್ಳಾಗಿರುತ್ತದೆ, ಬಿರುಕಿನ ನೀರು ರಾತ್ರಿ ಹೆಪ್ಪುಗಟ್ಟಿ ಕಲ್ಲನ್ನು ಸಡಿಲ ಮಾಡುತ್ತದೆ. ಹೋದ ಭಾನುವಾರ ಸಿಂಹಗಡದಲ್ಲಿ ಸುತ್ತಿಗೆಯಿಂದ ತಟ್ಟಿ ನೋಡುತ್ತಿದ್ದೆ. ಗಟ್ಟಿ ಕಲ್ಲು ಟಣ್ ಅಂತು. ಒಂದಡಿ ಪಕ್ಕದಲ್ಲಿ ತಟ್ಟಿದರೆ ಒಡೆದ ಮಡಕೆಯ ಹಾಗೆ ಬೊದ್ ಅಂತು! ಆ ಕಲ್ಲಿಗೆ ಜೀವ ಕೊಟ್ಟು ನೇತಾಡೋಕೆ ಆಗಲ್ಲ, ಅಲ್ವಾ?

ಹಾಗಾಗಿ ಸುಣ್ಣದ ಕಲ್ಲಿನಲ್ಲಿ ಬೋಲ್ಟ್ (ಹಗ್ಗ ಸಿಕ್ಕಿಸಲು ಕಲ್ಲು ಕೊರೆದು ಕೂರಿಸುವ ಲೋಹದ ಮೊಳೆ) ಹಾಕಿ ಅನುಭವ ಇರುವವರು ಒಂದು ಭಾನುವಾರ ಜೊತೆಗೆ ಬರುತ್ತೀರಾ? ಬಡಿದು ಕೂರಿಸುವ ಬೋಲ್ಟ್ ಸಾಕಾ, ಅಂಟು ಹಾಕಿ ಕೂರಿಸುವುದೇ ಬೇಕಾ ಅಂತ ತಿಳಿಯಬೇಕು. ಚಳಿಯಲ್ಲಿ ಅಂಟು ಗಟ್ಟಿಯಾಗಲು ಜಾಸ್ತಿ ಹೊತ್ತು ಬೇಕು. ಡ್ರಿಲ್ ಬ್ಯಾಟರಿಯೂ ಬೇಗ ಇಳಿಯುತ್ತದೆ. ಸ್ಪಿತಿಯ ಮುಖ್ಯ ಊರಾದ ಕಾಜಾವೇ 3,600 ಮೀಟರ್‌ಗಿಂತ ಮೇಲಿದೆ.

ಬ್ಯಾಟರಿ ಡ್ರಿಲ್ ಮೂರು ವಾರಕ್ಕೆ ಬಾಡಿಗೆಗೆ ಕೊಡುವವರಿದ್ದರೂ ಹೇಳಿ. ಹಗ್ಗ, ಹೆಲ್ಮೆಟ್ ನಮ್ಮ ಹತ್ತಿರ ಇವೆ. ಮುಂಬೈನವರಾದರೆ ನಾನೇ ಅಲ್ಲಿಗೆ ಬರುತ್ತೇನೆ. ದಯವಿಟ್ಟು ಇಲ್ಲೇ ಉತ್ತರ ಬರೆಯಿರಿ.