ಸೊಂಟ ಹಿಡಿತಕ್ಕೆ ಕೊಟ್ಟ ಬ್ಯಾಕ್ಲೋಫೆನ್ ಬಿಡಿಸೋದು ಹೇಗೆ?

ತೋಟದಮನೆ (ಸಿದ್ದಾಪುರ):
ಮಾವನಿಗೆ 61 ವರ್ಷ. ಕಳೆದ ಕಾಫಿ ಕುಯ್ಲಲ್ಲಿ ಮೂಟೆ ಎತ್ತುವಾಗ ಸೊಂಟ ಹಿಡ್ಕೊಂಡಿತ್ತು. ಆಗ ಬರೆದುಕೊಟ್ಟ ಬ್ಯಾಕ್ಲೋಫೆನ್ 10 ಮಿ.ಗ್ರಾಂ. ದಿನಕ್ಕೆ ಮೂರು, ರಾತ್ರಿ ಟೈಜಾನಿಡಿನ್ 4 ಮಿ.ಗ್ರಾಂ. ಒಂದು; ಎರಡೂ ಸ್ನಾಯು ಸಡಿಲಿಸುವ ಮಾತ್ರೆ. ಹಳೇ ಚೀಟಿ ತೋರಿಸಿ ಇವತ್ತಿಗೂ ತರಿಸ್ತಾರೆ. ಮಳೆಗೆ ದಾರಿ ಬಂದ್ ಆಗಿ ಎರಡು ದಿನ ಮಾತ್ರೆ ತಪ್ಪಿತು. ನಿದ್ದೆ ಇಲ್ಲ, ಕೈ ನಡುಕ, ಗೋಡೆ ಮೇಲೆ ಏನೋ ಹರಿದಾಡ್ತಿದೆ ಅಂತಿದ್ರು. ಚಟ ಹತ್ತಿದೆಯಾ? ಒಂದೇ ಸಲ ನಿಲ್ಲಿಸಿಬಿಡಬಹುದಾ?

ವಾರ್ಡ್ ಫಾರ್ಮಸಿ:
ಬೇಡ, ಖಂಡಿತ ನಿಲ್ಲಿಸಬೇಡಿ. ಇದು ಚಟಕ್ಕಿಂತ ಹೆಚ್ಚಾಗಿ ಮೈ ಮಾತ್ರೆಗೆ ಒಗ್ಗಿಹೋಗಿರೋದು. ಬ್ಯಾಕ್ಲೋಫೆನ್ ನರಗಳ ಉದ್ರೇಕ ತಗ್ಗಿಸುವ ಗಾಬಾ-ಬಿ ಗ್ರಾಹಕಗಳ (ನರಕೋಶದಲ್ಲಿ ಮದ್ದು ಹೋಗಿ ಕೂರುವ ಜಾಗ) ಮೇಲೆ ಕೆಲಸ ಮಾಡುತ್ತೆ. ತಿಂಗಳುಗಟ್ಟಲೆ ತಗೊಂಡರೆ ಆ ಗ್ರಾಹಕಗಳು ಮಂದವಾಗುತ್ತವೆ; ಮಾತ್ರೆ ತಪ್ಪಿದ ತಕ್ಷಣ ಹಿಡಿತ ಸಡಿಲಿ ನರಗಳು ಕೆರಳುತ್ತವೆ. ಒಂದೆರಡು ದಿನದಲ್ಲೇ ಭ್ರಮೆ, ಫಿಟ್ಸ್, ಜೋರು ಜ್ವರ, ಮೈ ಸೆಟೆದುಕೊಳ್ಳೋದು ಬರಬಹುದು. ನೀವು ನೋಡಿದ್ದು ಅದರ ಶುರು.

ಸಾಮಾನ್ಯವಾಗಿ ವಾರಕ್ಕೆ 5ರಿಂದ 10 ಮಿ.ಗ್ರಾಂ. ಇಳಿಸ್ತಾರೆ. 61ರ ವಯಸ್ಸಿಗೆ, ಒಮ್ಮೆ ಭ್ರಮೆ ಬಂದವರಿಗೆ 5 ಸಾಕು. ಮಧ್ಯಾಹ್ನದ ಮಾತ್ರೆಯನ್ನ ಮೊದಲು ಅರ್ಧ ಮಾಡಿ (ನಡುವೆ ಗೆರೆ ಇದ್ದರೆ ಮಾತ್ರ), ಆಮೇಲೆ ತೆಗೀರಿ. ಬೆಳಿಗ್ಗೆಯದ್ದು ಆಮೇಲೆ, ರಾತ್ರಿಯದ್ದು ಕೊನೆಗೆ. 30ರಿಂದ ಸೊನ್ನೆಗೆ ಸುಮಾರು ಆರು ವಾರ. ನಡುಕ, ನಿದ್ದೆಗೇಡು ಮರುಕಳಿಸಿದರೆ ಹಿಂದಿನ ಪ್ರಮಾಣಕ್ಕೆ ಹೋಗಿ ಒಂದು ವಾರ ನಿಲ್ಲಿ. ಇದೆಲ್ಲ ವೈದ್ಯರ ಕೈಯಲ್ಲಿ ಬರೆಸಿಕೊಂಡೇ ಆಗಬೇಕು. ಮೊದಲು ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತ) ಪರೀಕ್ಷೆ ಮಾಡಿಸಿ: ಬ್ಯಾಕ್ಲೋಫೆನ್ ಹೆಚ್ಚಿನ ಪಾಲು ಕಿಡ್ನಿ ಮೂಲಕ ಹೊರಹೋಗುತ್ತೆ, ಜೊತೆಗೆ ನೋವಿಗೆ ಡೈಕ್ಲೋಫೆನಾಕ್ ನುಂಗ್ತಿದ್ದರೆ ಕಿಡ್ನಿಗೂ ಪೆಟ್ಟು.

ತೋಟದಮನೆ:
ರಾತ್ರಿಯ ಟೈಜಾನಿಡಿನ್ ಮಾತ್ರೆಯನ್ನೂ ಜೊತೆಗೇ ಇಳಿಸಬಹುದಾ? ಸಂಜೆ ಒಂದು ಪೆಗ್ ಹಾಕೋ ಅಭ್ಯಾಸವೂ ಇದೆ.

ವಾರ್ಡ್ ಫಾರ್ಮಸಿ:
ಎರಡನ್ನೂ ಒಟ್ಟಿಗೆ ಮುಟ್ಟಬೇಡಿ. ತೊಂದರೆ ಬಂದರೆ ಯಾವುದರಿಂದ ಅಂತ ಗೊತ್ತಾಗಲ್ಲ. ಟೈಜಾನಿಡಿನ್ ದಿನಕ್ಕೆ 20 ಮಿ.ಗ್ರಾಂ. ಮೇಲೆ ವಾರಗಟ್ಟಲೆ ತಗೊಂಡು ಥಟ್ಟನೆ ಬಿಟ್ಟರೆ ಬಿಪಿ, ಎದೆಬಡಿತ ಏರುತ್ತೆ. 4 ಮಿ.ಗ್ರಾಂ.ಗೆ ಅಷ್ಟು ಭಯವಿಲ್ಲ. ಬ್ಯಾಕ್ಲೋಫೆನ್ ಮುಗಿದ ಮೇಲೆ 2ಕ್ಕೆ ಇಳಿಸಿ ಬಿಡಿಸ್ತಾರೆ, ಬಿಪಿ ನೋಡ್ತಾ ಇರಿ. ಹೊಟ್ಟೆ ಕೆಟ್ಟಿತು ಅಂತ ಮೆಡಿಕಲ್‌ನಲ್ಲಿ ಸಿಪ್ರೋಫ್ಲಾಕ್ಸಾಸಿನ್ (ಆ್ಯಂಟಿಬಯೋಟಿಕ್) ಕೇಳಿ ತರಬೇಡಿ: ಅದು ಟೈಜಾನಿಡಿನ್ ಕರಗೋದನ್ನ ತಡೆದು ಬಿಪಿ ಪಾತಾಳಕ್ಕಿಳಿಸುತ್ತೆ. ಪೆಗ್ ಈ ಎರಡೂ ಮಾತ್ರೆಗಳ ಮಂಪರನ್ನ ಹೆಚ್ಚಿಸುತ್ತೆ. ದಿನಾ ಕುಡಿಯೋರಾದರೆ ಅದನ್ನೂ ದಿಢೀರ್ ನಿಲ್ಲಿಸದೆ ವೈದ್ಯರಿಗೆ ಮೊದಲೇ ಹೇಳಿ.

ಫಿಸಿಯೋ_ಮಡಿಕೇರಿ:
ಒಂದು ಸೇರಿಸ್ತೀನಿ. ಇಳಿಸುವಾಗ ಸೊಂಟ ಮತ್ತೆ ಬಿಗಿಯಾದರೆ "ಮಾತ್ರೆ ಇಲ್ಲದೆ ಆಗಲ್ಲ" ಅಂತ ಮನೆಯವರು ತೀರ್ಮಾನಿಸಿಬಿಡ್ತಾರೆ. ಎಷ್ಟೋ ಸಲ ಅದು ಬಿಡುವಾಗಿನ ಮರುಬಿಗಿತ. ಕೆಲವು ದಿನದಲ್ಲಿ ತಗ್ಗಿದರೆ ಅದೇ ಅಂತ ತಿಳಿಯಬಹುದು. ಬಿಸಿನೀರಿನ ಚೀಲ 15 ನಿಮಿಷ, ಇಳಿಜಾರು ಬಿಟ್ಟು ಸಮತಟ್ಟಲ್ಲಿ ದಿನಾ ನಡಿಗೆ. ಕಾಲು ಮರಗಟ್ಟೋದು, ಮೂತ್ರ ಕಟ್ಟೋದು ಇದ್ದರೆ ಮಾತ್ರೆಯ ಮಾತು ಆಮೇಲೆ, ಅದೇ ದಿನ ತೋರಿಸಿ.

ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಇದನ್ನ ಶುರು ಮಾಡಬೇಡಿ. ಯಾವಾಗ ಮಾಡಿದರೂ ಹದಿನೈದು ದಿನದ ಮಾತ್ರೆ ಮನೆಯಲ್ಲಿರಲಿ. ಭ್ರಮೆ, ಜ್ವರ, ಫಿಟ್ಸ್ ಕಂಡರೆ ಕಾಯದೆ 108. ಆಸ್ಪತ್ರೆಗೆ ಹೋಗುವಾಗ ಖಾಲಿ ಸ್ಟ್ರಿಪ್ ಜೇಬಲ್ಲಿರಲಿ; "ನೋವಿನ ಮಾತ್ರೆ" ಅಂದರೆ ಅಲ್ಲಿ ಯಾರಿಗೂ ಬ್ಯಾಕ್ಲೋಫೆನ್ ಹೊಳೆಯಲ್ಲ.