ಡಬಲ್ ಗಿಲೀಟಿನ ಆಲೂಗಡ್ಡೆ

ಹೋದ ಭಾನುವಾರ ನಮ್ಮ ‘ಮನೆಮಂದಿ’ ಗುಂಪಿನಲ್ಲಿ ನಡೆದ ಜಗಳ ಇದು. ಎಲ್ಲರನ್ನೂ ಕೇಳಿಯೇ ಹಾಕುತ್ತಿದ್ದೇನೆ. ಗುಡ್ ಮಾರ್ನಿಂಗ್ ಹೂವುಗಳನ್ನು ತೆಗೆದಿದ್ದೇನೆ. ದೊಡ್ಡಮ್ಮನ ವಾಯ್ಸ್ ಮೆಸೇಜನ್ನೂ ಬಿಟ್ಟಿದ್ದೇನೆ, ಅದರಲ್ಲಿ ಕುಕ್ಕರ್ ವಿಷಲ್ ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ದೊಡ್ಡಪ್ಪ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ರಿಟೈರ್ ಆದವರು. ಸುಮಾ ಅತ್ತೆ ಹೈಸ್ಕೂಲಿನಲ್ಲಿ ಹಿಸ್ಟರಿ ಹೇಳಿಕೊಟ್ಟವರು. ಅತ್ತೆಯ ಮಗ ಚೇತನ್ ಇಂಗ್ಲೆಂಡಿನ ಕೆಂಟ್‌ನಲ್ಲಿದ್ದಾನೆ. ದೀಪಾವಳಿಗೆ ಎಲ್ಲರೂ ಸೇರುವಾಗ ಗೋಡೆಗೆ ಹಾಕಬೇಕು ಅಂತ ದೊಡ್ಡಪ್ಪ ನಮ್ಮ ಮನೆತನದ ವಂಶವೃಕ್ಷ ಬರೆಸುತ್ತಿದ್ದಾರೆ. ಇಷ್ಟು ಗೊತ್ತಿದ್ದರೆ ಸಾಕು.

ರಘು ಚಿಕ್ಕಪ್ಪ: (ಫಾರ್ವರ್ಡ್) ನಿಮಗೆ ಗೊತ್ತೇ? ಟಿಪ್ಪುವನ್ನು ಕೊಂದ ಡ್ಯೂಕ್ ಆಫ್ ವೆಲಿಂಗ್ಟನ್‌ನ ಮರಿಮಗನೇ ಇಂದಿನ ಇಂಗ್ಲೆಂಡ್ ರಾಜ ಚಾರ್ಲ್ಸ್!! ಹತ್ತು ಜನರಿಗೆ ಕಳಿಸಿ!!

ಸುಮಾ ಅತ್ತೆ: ರಘು, ಇದರಲ್ಲಿ ಮೂರು ತಪ್ಪಿದೆ, ಒಂದು ನಿಜ ಇದೆ. ನಿಜ ಯಾವುದು ಅಂತ ಬರೆದವನಿಗೂ ಗೊತ್ತಿಲ್ಲ.

ರಘು ಚಿಕ್ಕಪ್ಪ: ಬಂದಿದ್ದನ್ನು ಕಳಿಸಿದೆ ಅಕ್ಕ. ಬರೆದದ್ದು ನಾನಲ್ಲ.

ಸುಮಾ ಅತ್ತೆ: 1799ರ ಮೇ 4ರಂದು ಕೋಟೆಗೆ ನುಗ್ಗಿದವರ ಮುಂದಿದ್ದದ್ದು ಡೇವಿಡ್ ಬೇರ್ಡ್. ಇಡೀ ಸೈನ್ಯಕ್ಕೆ ಮುಖ್ಯಸ್ಥ ಜನರಲ್ ಹ್ಯಾರಿಸ್. ಆರ್ಥರ್ ವೆಲ್ಲೆಸ್ಲಿ ಆಗ ಬರೀ ಕರ್ನಲ್. ಆ ದಿನ ಮೀಸಲು ಪಡೆಯ ಜೊತೆ ಹಿಂದೆ ಇದ್ದ. ಅವನು ಡ್ಯೂಕ್ ಆಫ್ ವೆಲಿಂಗ್ಟನ್ ಆದದ್ದು 1814ರಲ್ಲಿ. ಅಂದರೆ ಕೊಂದವನೂ ಅವನಲ್ಲ, ಆಗ ಡ್ಯೂಕೂ ಅಲ್ಲ. ರಾಜನ ಸಂಬಂಧ ಇರುವುದು ಅವನ ಅಣ್ಣ ರಿಚರ್ಡ್ ಕಡೆಯಿಂದ. ಆಗಿನ ಗವರ್ನರ್ ಜನರಲ್. ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ ಇದೆಯಲ್ಲ, ಪೂರ್ಣಯ್ಯನವರು ಕಟ್ಟಿಸಿದ್ದು, ಅದೂ ಅಣ್ಣನ ಹೆಸರಿನದು. ತಮ್ಮನದಲ್ಲ.

ರಘು ಚಿಕ್ಕಪ್ಪ: ಅಲ್ಲಿ ಫೋಟೋ ತೆಗೆಸಿಕೊಂಡಾಗ ಹೇಳಬಾರದಿತ್ತಾ?

ಸುಮಾ ಅತ್ತೆ: ಹೇಳಿದೆ. ನೀನು ಕಬ್ಬಿನ ಹಾಲು ಕುಡಿಯಲು ಹೋಗಿದ್ದೆ.

ದೊಡ್ಡಪ್ಪ: ಸುಮಾ, ರಿಚರ್ಡ್‌ಗೆ ಸಂತಾನ ಇರಲಿಲ್ಲ. ಅವನ ಮಾರ್ಕ್ವೆಸ್ ಪದವಿ (ಡ್ಯೂಕ್‌ಗಿಂತ ಒಂದು ಮೆಟ್ಟಿಲು ಕೆಳಗಿನದು) 1842ರಲ್ಲಿ ಅವನ ಜೊತೆಗೇ ಮುಗಿಯಿತು. ಸಂತಾನವೇ ಇಲ್ಲದವನಿಗೆ ರಾಜ ಎಲ್ಲಿಂದ ಮೊಮ್ಮಗನಾಗುತ್ತಾನೆ?

ಸುಮಾ ಅತ್ತೆ: ಐದು ಮಕ್ಕಳಿದ್ದರು ಅಣ್ಣ. ಮೂರು ಗಂಡು, ಎರಡು ಹೆಣ್ಣು. ತಾಯಿ ಇಯಾಸಿಂಥ್ ರೋಲಾಂ ಅಂತ ಫ್ರೆಂಚ್ ಹೆಂಗಸು. ಮಕ್ಕಳೆಲ್ಲ ಹುಟ್ಟಿದ ಮೇಲೆ, 1794ರಲ್ಲಿ ಮದುವೆಯಾದರು. ಅಲ್ಲಿನ ಕಾನೂನಿನಲ್ಲಿ ಆಮೇಲಿನ ಮದುವೆ ಮೊದಲು ಹುಟ್ಟಿದವರನ್ನು ಸಕ್ರಮ ಮಾಡುತ್ತಿರಲಿಲ್ಲ. 1926ರಲ್ಲಿ ಕಾನೂನು ಬದಲಾಯಿತು, ಆದರೆ ಪದವಿಗಳಿಗೆ ಅದು ಅನ್ವಯಿಸದು ಅಂತ ಅದರಲ್ಲೇ ಬರೆದರು. ರಿಚರ್ಡ್ ಸತ್ತಾಗ ಅವನ ಮಗ ಹೆನ್ರಿ ಆಕ್ಸ್‌ಫರ್ಡ್‌ನಲ್ಲಿ ಗಟ್ಟಿಮುಟ್ಟಾಗಿ ಇದ್ದ. ಆದರೂ ದಾಖಲೆಯಲ್ಲಿ ‘ವಾರಸುದಾರರಿಲ್ಲ’.

ನಾನು: ಅತ್ತೆ, ರಾಜನವರೆಗೆ ಹೇಗೆ ಬಂತು?

ಸುಮಾ ಅತ್ತೆ: ಬೆರಳು ಮಡಚು. ರಿಚರ್ಡ್ ಮಗಳು ಆ್ಯನ್. ಅವಳ ಮಗ ಚಾರ್ಲ್ಸ್ ಕ್ಯಾವೆಂಡಿಷ್ ಬೆಂಟಿಂಕ್, ಪಾದ್ರಿ. ಅವನ ಮಗಳು ಸಿಸಿಲಿಯಾ. ಸಿಸಿಲಿಯಾ ಮಗಳು ಎಲಿಜಬೆತ್, ಅಂದರೆ ನೂರು ದಾಟಿ ಬದುಕಿದ ರಾಜಮಾತೆ. ಆಕೆಯ ಮಗಳು ರಾಣಿ ಎಲಿಜಬೆತ್. ರಾಣಿಯ ಮಗ ಈಗಿನ ರಾಜ. ಆರನೇ ತಲೆಮಾರು. ರಘು, ನಿನ್ನ ಫಾರ್ವರ್ಡ್‌ನಲ್ಲಿ ಇರುವ ನಿಜ ಇಷ್ಟೇ.

ಪವಿತ್ರಾ ಅಕ್ಕ: ಆರು ಮೆಟ್ಟಿಲಲ್ಲಿ ನಾಲ್ಕು ಹೆಣ್ಣು!

ದೊಡ್ಡಪ್ಪ: ಹಾಗಾದರೆ ಅದು ರಕ್ತಸಂಬಂಧ. ವಂಶ ಅಲ್ಲ. ವಂಶ ಬೇರೆ, ರಕ್ತ ಬೇರೆ.

(ಇಲ್ಲಿಗೆ ಎಲ್ಲರಿಗೂ ಗೊತ್ತಾಯಿತು, ಮಾತು ಇಂಗ್ಲೆಂಡಿನದಲ್ಲ ಅಂತ. ದೊಡ್ಡಪ್ಪನ ವಂಶವೃಕ್ಷದ ಕರಡು ಎರಡು ದಿನ ಹಿಂದೆ ಗುಂಪಿಗೆ ಬಂದಿತ್ತು. ಅದರಲ್ಲಿ ಅತ್ತೆಯ ಹೆಸರಿನ ಮುಂದೆ ‘ವಿವಾಹಿತೆ’ ಅಂತ ಬರೆದು ಗೆರೆ ನಿಲ್ಲಿಸಿದ್ದರು.)

ಚೇತನ್: ಮಾವ, ಹೋದ ವಾರ ನಾನು ಬೆಲ್ಮಾಂಟ್ ಬಂಗಲೆ ನೋಡಲು ಹೋಗಿದ್ದೆ. ಫ್ಯಾವರ್‌ಶಮ್ ಹತ್ತಿರ. ಅಮ್ಮ ಹೇಳಿದ ಜನರಲ್ ಹ್ಯಾರಿಸ್‌ನದು. ಪಾದ್ರಿಯ ಮಗ, ದೊಡ್ಡ ಆಸ್ತಿ ಇರಲಿಲ್ಲ. ಶ್ರೀರಂಗಪಟ್ಟಣದ ಲೂಟಿಯಲ್ಲಿ ಬಂದ ಪಾಲಿನಿಂದ 1801ರಲ್ಲಿ ಕೊಂಡದ್ದು. 1815ರಲ್ಲಿ ಅವನಿಗೆ ಕೊಟ್ಟ ಪದವಿಯ ಪೂರ್ತಿ ಹೆಸರು ಕೇಳಿ: ಈಸ್ಟ್ ಇಂಡೀಸ್‌ನ ಶ್ರೀರಂಗಪಟ್ಟಣ ಮತ್ತು ಮೈಸೂರು, ಕೆಂಟ್ ಕೌಂಟಿಯ ಬೆಲ್ಮಾಂಟ್, ಇವುಗಳ ಬ್ಯಾರನ್ ಹ್ಯಾರಿಸ್. ಒಳಗೆ ಗೋಡೆತುಂಬ ಗಡಿಯಾರ. ಅವು ಐದನೇ ಲಾರ್ಡ್ ಸೇರಿಸಿದ್ದು. ನಾಲ್ಕನೆಯವನು ಇಂಗ್ಲೆಂಡ್ ಕ್ರಿಕೆಟ್ ತಂಡದ ಕ್ಯಾಪ್ಟನ್ ಆಗಿದ್ದ, ಆಮೇಲೆ ಬಾಂಬೆ ಗವರ್ನರ್.

ರಘು ಚಿಕ್ಕಪ್ಪ: ನಮ್ಮೂರಿನ ಹೆಸರು ಹಾಕಿಕೊಂಡು ತಿರುಗುತ್ತಿದ್ದಾರಾ! ನಮಗೆ ಒಂದು ಸೈಟ್ ಇಲ್ಲ ಅಲ್ಲಿ.

ದೊಡ್ಡಪ್ಪ: ನೋಡಿ, ಆ ಬಂಗಲೆ ಇವತ್ತಿಗೂ ಒಡೆಯದೆ ನಿಂತಿದೆ. ಯಾಕೆ? ಹಿರಿಮಗನಿಗೆ ಒಟ್ಟಾಗಿ ಹೋಯಿತು. ನಮ್ಮಂತೆ ಹಿಸ್ಸೆ ಮಾಡಿದ್ದರೆ ಇಷ್ಟು ಹೊತ್ತಿಗೆ ಹದಿನಾಲ್ಕು ಕಾಂಪೌಂಡ್ ಆಗಿರುತ್ತಿತ್ತು. ತಾತನ ಕಾಲದ ಜಮೀನನ್ನು ನಾವು ಈಗ ಗುಂಟೆಯಲ್ಲಿ ಲೆಕ್ಕ ಹಾಕುತ್ತೇವೆ. ನಿಯಮ ಕಠಿಣ, ಆದರೆ ಮನೆ ಉಳಿಯಿತು. 34 ವರ್ಷ ಪಹಣಿ ನೋಡಿದವನು ಹೇಳುತ್ತಿದ್ದೇನೆ.

(ಇದಕ್ಕೆ ಯಾರೂ ತಕ್ಷಣ ಉತ್ತರ ಕೊಡಲಿಲ್ಲ. ನನಗೂ ಇದು ತೆಗೆದುಹಾಕುವ ಮಾತು ಅನ್ನಿಸಲಿಲ್ಲ.)

ಸುಮಾ ಅತ್ತೆ: ಮನೆ ಉಳಿಯಿತು, ಒಪ್ಪುತ್ತೇನೆ. ಮನೆಯವರು ಉಳಿಯಲಿಲ್ಲ ಅಣ್ಣ, ಊರು ಬಿಟ್ಟರು. ಆರ್ಥರ್ ಬದುಕುಳಿದ ಗಂಡುಮಕ್ಕಳಲ್ಲಿ ಮೂರನೆಯವನು. ಅವನ ಪಾಲಿಗೆ ಏನೂ ಇಲ್ಲ. ಅದಕ್ಕೇ ಸೈನ್ಯ, ಅದಕ್ಕೇ ಮೈಸೂರು. ಒಬ್ಬ ತಮ್ಮ ಪಾದ್ರಿಯಾದ, ಇನ್ನೊಬ್ಬ ರಾಯಭಾರಿಯಾದ. ಅವರ ಮನೆಯ ನಿಯಮದ ಖರ್ಚು ನಮ್ಮ ಊರಿನ ಲೆಕ್ಕಕ್ಕೆ ಬಂತು.

ಪವಿತ್ರಾ ಅಕ್ಕ: ರಿಚರ್ಡ್‌ಗೆ ಮೈಸೂರು ಗೆದ್ದದ್ದಕ್ಕೆ ಏನು ಸಿಕ್ಕಿತು?

ಸುಮಾ ಅತ್ತೆ: ಅದೇ ತಮಾಷೆ! ಮಾರ್ಕ್ವೆಸ್ ಮಾಡಿದರು, ಆದರೆ ಐರ್ಲೆಂಡಿನ ಪಟ್ಟಿಯಲ್ಲಿ. ಇಂಗ್ಲಿಷ್ ಪದವಿಗಿಂತ ಐರಿಷ್ ಪದವಿ ಒಂದು ಮೆಟ್ಟಿಲು ಕಡಿಮೆ ಅಂತ ಅವರ ಲೆಕ್ಕ. ಅವನಿಗೆ ಎಷ್ಟು ಉರಿಯಿತು ಅಂದರೆ, ಅದನ್ನು ‘ಡಬಲ್ ಗಿಲೀಟಿನ ಆಲೂಗಡ್ಡೆ’ ಅಂತ ಕರೆದ. ಐರ್ಲೆಂಡ್ ಅಂದರೆ ಆಲೂಗಡ್ಡೆ ಅಲ್ವಾ. ಎರಡು ಸಲ ಚಿನ್ನದ ನೀರು ಕುಡಿಸಿದರೂ ಒಳಗೆ ಪಲ್ಯದ್ದೇ ಗೆಡ್ಡೆ!

ರಘು ಚಿಕ್ಕಪ್ಪ: 😂😂 ಇದನ್ನು ಫಾರ್ವರ್ಡ್ ಮಾಡಬಹುದಾ?

ದೊಡ್ಡಪ್ಪ: ಆಲೂಗಡ್ಡೆ ಇರಲಿ. ಅವನಿಗೆ ತಂದೆಯಿಂದ ಬಂದಿದ್ದ ಮಾರ್ನಿಂಗ್ಟನ್ ಅರ್ಲ್ ಪದವಿ ನೋಡು. ಅವನ ನಂತರ ತಮ್ಮ ವಿಲಿಯಂಗೆ, ವಿಲಿಯಂ ಮಗನಿಗೆ, ಮೊಮ್ಮಗನಿಗೆ. 1863ರಲ್ಲಿ ಆ ಕವಲು ಮುಗಿದ ಮೇಲೆ ಆರ್ಥರ್ ಮಗನಿಗೆ, ಅಂದರೆ ಎರಡನೇ ಡ್ಯೂಕ್‌ಗೆ. ಹೀಗೆ ದಾಯಾದಿಗಳಲ್ಲೇ ಸುತ್ತಿ ವೆಲ್ಲೆಸ್ಲಿ ಮನೆಯೊಳಗೇ ಉಳಿಯಿತು. ಇದಕ್ಕೆ ವಂಶ ಅನ್ನುವುದು.

(ದೊಡ್ಡಪ್ಪ ಇದನ್ನು ಯಾವಾಗ ಓದಿಟ್ಟುಕೊಂಡಿದ್ದರೋ! ಬಾಯಿಪಾಠ ಇತ್ತು.)

ಸುಮಾ ಅತ್ತೆ: ವೆಲ್ಲೆಸ್ಲಿ ಮನೆ ಅಂದೆಯಲ್ಲ, ಅಲ್ಲಿಗೇ ಬರೋಣ. ಅವರು ವೆಲ್ಲೆಸ್ಲಿಗಳೇ ಅಲ್ಲ. ಮೂಲದ ಹೆಸರು ಕಾಲಿ. ಗ್ಯಾರೆಟ್ ವೆಸ್ಲಿ ಅಂತ ಒಬ್ಬ ಮಕ್ಕಳಿಲ್ಲದೆ 1728ರಲ್ಲಿ ಸತ್ತ. ಆಸ್ತಿಯನ್ನು ಬರೆದಿಟ್ಟದ್ದು ಯಾರಿಗೆ? ತನ್ನ ತಾಯಿಯ ತವರಿನವನಿಗೆ, ಸೋದರಮಾವನ ಮಗ ರಿಚರ್ಡ್ ಕಾಲಿಗೆ. ಅವನು ಆಸ್ತಿಯ ಜೊತೆ ಹೆಸರೂ ತಗೊಂಡ. ಈ ಗವರ್ನರ್ ಜನರಲ್‌ನ ತಾತ ಅವನೇ. ವೆಸ್ಲಿ ಹೋಗಿ ವೆಲ್ಲೆಸ್ಲಿ ಆದದ್ದು ಇನ್ನೂ ಆಮೇಲೆ. ನಿನ್ನ ಇಡೀ ಗಂಡು ವಂಶ ನಿಂತಿರುವುದು ಒಬ್ಬ ಹೆಂಗಸಿನ ತವರಿನ ಮೇಲೆ.

ಚೇತನ್: ಅಮ್ಮ 🔥

ದೊಡ್ಡಪ್ಪ: ಚೇತನ್, ದೊಡ್ಡವರು ಮಾತಾಡುವಾಗ ಬೆಂಕಿ ಹಾಕಬೇಡ.

ನಾನು: ದೊಡ್ಡಪ್ಪ, ಅಲ್ಲಿ ಪದವಿ ಸಿಗಬೇಕಾದರೂ ನಿಮ್ಮ ಆಫೀಸಿನ ತರಹ ಅರ್ಜಿ ಹಾಕಬೇಕಾ?

ದೊಡ್ಡಪ್ಪ: ಹಾಕಬೇಕು. ಜನನ, ಮದುವೆ, ಮರಣ ಎಲ್ಲದರ ದಾಖಲೆ ಬೇಕು. 2004ರಿಂದ ಒಂದು ಅಧಿಕೃತ ರೋಲ್ ಇಟ್ಟಿದ್ದಾರೆ. ಅದರಲ್ಲಿ ಹೆಸರು ಏರದಿದ್ದರೆ ಸರ್ಕಾರಿ ಕಾಗದದಲ್ಲಿ ಲಾರ್ಡ್ ಅಂತ ಬರೆಯುವುದಿಲ್ಲ. ನಮ್ಮ ಪೌತಿ ಖಾತೆ ಇದ್ದಂತೆಯೇ. ಬಂಗಾಳದ ಸತ್ಯೇಂದ್ರ ಪ್ರಸನ್ನ ಸಿನ್ಹಾ ಅವರಿಗೆ 1919ರಲ್ಲಿ ರಾಯ್‌ಪುರದ ಬ್ಯಾರನ್ ಅಂತ ಪದವಿ ಬಂತು. ವಂಶಪಾರಂಪರ್ಯ ಪದವಿ ಪಡೆದ ಭಾರತೀಯ ಅವರೊಬ್ಬರೇ. ಮಗ ಹಕ್ಕು ಕೇಳಿದಾಗ ಏನು ತಕರಾರು ಗೊತ್ತಾ? ಹಿಂದೂ ಪದ್ಧತಿಯಲ್ಲಿ ಎರಡನೇ ಹೆಂಡತಿಗೆ ಅವಕಾಶ ಇತ್ತಲ್ಲ, ಅಂಥ ಮದುವೆಯ ಮಗ ಸಕ್ರಮವೇ ಅಂತ! ಸಿನ್ಹಾ ಬ್ರಹ್ಮಸಮಾಜ ಸೇರಿದ್ದರು, ಅಲ್ಲಿ ಒಂದೇ ಮದುವೆ ಅಂತ ತೋರಿಸಿ, 1939ರಲ್ಲಿ ಅವರ ಮಗನ ಪರ ತೀರ್ಮಾನವಾಯಿತು. ಇಂಥ ಫೈಲ್ ನನ್ನ ಟೇಬಲ್ ಮೇಲೆ ಬಂದಿದ್ದರೆ ಒಂದು ಮಧ್ಯಾಹ್ನದ ಕೆಲಸ.

ರಘು ಚಿಕ್ಕಪ್ಪ: ಅಣ್ಣ, ನಿಮ್ಮ ಆಫೀಸಿನ ಮಧ್ಯಾಹ್ನ ನಮಗೆ ಗೊತ್ತಿದೆ.

ಪವಿತ್ರಾ ಅಕ್ಕ: ಈಗಲಾದರೂ ಹೆಣ್ಣುಮಕ್ಕಳಿಗೆ ಕೊಡುತ್ತಾರಾ ಅತ್ತೆ?

ಸುಮಾ ಅತ್ತೆ: ಸಿಂಹಾಸನಕ್ಕೆ ಕೊಟ್ಟರು. 2013ರ ಕಾಯ್ದೆ. ಮೊದಲು ಹುಟ್ಟಿದ ಮಗಳನ್ನು ತಮ್ಮ ಹಿಂದೆ ಹಾಕುವಂತಿಲ್ಲ. ಲಾರ್ಡ್‌ಗಳ ಪದವಿಗೆ ಅದು ಮುಟ್ಟಲಿಲ್ಲ. ಹಳೆಯ ಕೆಲವು ಪದವಿ, ಸ್ಕಾಟ್ಲೆಂಡಿನ ಕೆಲವು, ಹೆಣ್ಣಿಗೂ ಹೋಗುತ್ತವೆ. ಮೌಂಟ್‌ಬ್ಯಾಟನ್‌ಗೆ ಇಬ್ಬರೂ ಹೆಣ್ಣುಮಕ್ಕಳೇ, ಅವನ ಪದವಿಯಲ್ಲಿ ಮಗಳಿಗೂ ಹೋಗಬಹುದು ಅಂತ ಮೊದಲೇ ಬರೆಸಿದ್ದರು. 1979ರಲ್ಲಿ ದೊಡ್ಡ ಮಗಳಿಗೆ ಬಂತು. ಕಾರ್ನ್‌ವಾಲಿಸ್‌ಗೆ ಆ ಭಾಗ್ಯ ಇರಲಿಲ್ಲ. 1792ರಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ಇಟ್ಟುಕೊಂಡವನು. ಆ ವರ್ಷವೇ ಮಾರ್ಕ್ವೆಸ್ ಆದ. ಅವನ ಮಗನಿಗೆ ಐದು ಹೆಣ್ಣು. 1823ರಲ್ಲಿ ಮಗ ಸತ್ತ, ಮಾರ್ಕ್ವೆಸ್ ಪದವಿಯೂ ಸತ್ತಿತು. ಐದು ಜನ ಇದ್ದರೂ.

ದೊಡ್ಡಪ್ಪ: ಅದು ನಿಯಮ. ನಿಯಮ ತಪ್ಪು ಅನ್ನುವುದು ಬೇರೆ, ಇಲ್ಲ ಅನ್ನುವುದು ಬೇರೆ.

ಸುಮಾ ಅತ್ತೆ: ಎಲ್ಲ ಕಡೆ ಒಂದೇ ನಿಯಮ ಇಲ್ಲ ಅಣ್ಣ. ಆರ್ಥರ್‌ಗೆ ಸ್ಪೇನ್‌ನವರೂ ಒಂದು ಡ್ಯೂಕ್ ಪದವಿ ಕೊಟ್ಟಿದ್ದರು, ಸಿಯುದಾದ್ ರೊದ್ರಿಗೊ. 1943ರ ಯುದ್ಧದಲ್ಲಿ ಆರನೇ ಡ್ಯೂಕ್ ಸತ್ತ, ಮದುವೆ ಆಗಿರಲಿಲ್ಲ. ವೆಲಿಂಗ್ಟನ್ ಪದವಿ ಅವನ ಚಿಕ್ಕಪ್ಪನಿಗೆ ಹೋಯಿತು. ಸ್ಪೇನ್‌ನದು ಅವನ ಅಕ್ಕ ಆ್ಯನ್‌ಗೆ. ಒಬ್ಬನೇ ಸತ್ತದ್ದು, ಒಂದೇ ಮನೆ, ಎರಡು ದಾರಿ.

ದೊಡ್ಡಪ್ಪ: ಅದನ್ನು ಪೂರ್ತಿ ಹೇಳು. 1949ರಲ್ಲಿ ಆಕೆ ಅದನ್ನು ಚಿಕ್ಕಪ್ಪನಿಗೇ ಬಿಟ್ಟುಕೊಟ್ಟಳು. ಮನೆತನ ಒಂದಾಗಿರಲಿ ಅಂತ.

ಸುಮಾ ಅತ್ತೆ: ಹೌದು, ಬಿಟ್ಟುಕೊಟ್ಟಳು. ಬಿಟ್ಟುಕೊಡಬೇಕಾದರೆ ಮೊದಲು ಅದು ಅವಳದಾಗಿರಬೇಕು ಅಲ್ವಾ? ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನಾನೂ ಒಂದು ಹಕ್ಕು ಬಿಡುಗಡೆ ಪತ್ರಕ್ಕೆ ಸೈನ್ ಹಾಕಿದ್ದೇನೆ. ನೀನೇ ಬಸ್ ಚಾರ್ಜ್ ಕೊಟ್ಟು ಕರೆಸಿದ್ದೆ. ನನ್ನದಲ್ಲದಿದ್ದರೆ ಸೈನ್ ಯಾಕೆ ಬೇಕಿತ್ತು?

(ಮುಂದಿನ ನಲವತ್ತು ನಿಮಿಷ ಗುಂಪಿನಲ್ಲಿ ಏನೂ ಇಲ್ಲ. ‘ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ’ ಅಂತ ಎರಡು ಸಲ ಬಂದು ಹೋಯಿತು. ಚಿಕ್ಕಪ್ಪ ಒಂದು ಮೈಸೂರು ಪಾಕ್ ರೆಸಿಪಿ ಹಾಕಿ, ಅವರೇ ಅಳಿಸಿದರು.)

ದೊಡ್ಡಪ್ಪ: ಆ ಪತ್ರದ ವಿಷಯ ಗುಂಪಿನಲ್ಲಿ ಬೇಡ. ಮನೆಗೆ ಬಾ, ಮಾತಾಡೋಣ.

ಸುಮಾ ಅತ್ತೆ: ಜಮೀನು ಕೇಳಲಿಲ್ಲ ನಾನು. ನನ್ನ ಹೆಸರಿನ ಕೆಳಗೆ ಒಂದು ಗೆರೆ ಎಳಿ ಅಂದೆ, ಅಷ್ಟೆ.

ದೊಡ್ಡಮ್ಮ: ಮಧ್ಯಾಹ್ನ ಊಟಕ್ಕೆ ಬಾ ಸುಮಾ. ಹುಳಿ ಮಾಡಿದ್ದೇನೆ. ಆಲೂಗಡ್ಡೆ ಹಾಕಿಲ್ಲ.

ದೊಡ್ಡಪ್ಪ: ರಘು, ಹೆಣ್ಣುಮಕ್ಕಳ ಕಡೆಯವರೂ ಬಂದರೆ ಚಾರ್ಟ್ ಶೀಟ್ ಸಾಲುವುದಿಲ್ಲ. ಫ್ಲೆಕ್ಸ್ ಅಡಿಗೆ ಎಷ್ಟು ಅಂತ ವಿಚಾರಿಸು.

ರಘು ಚಿಕ್ಕಪ್ಪ: ಎಷ್ಟು ಅಡಿ ಅಣ್ಣ?

ದೊಡ್ಡಪ್ಪ: ಮೊದಲು ಸುಮಾ ತನ್ನ ಕಡೆಯ ಲೆಕ್ಕ ಕೊಡಲಿ. ಹುಟ್ಟಿದ ತಾರೀಕು ಸಮೇತ. ಇನಿಷಿಯಲ್ ತಪ್ಪಿದರೆ ನಾನು ಬರೆಯುವುದಿಲ್ಲ.