ಕ್ವಾರ್ಟೊ ನಾಟಕಗಳ ಮುದ್ರಣ: ಹ್ಯಾಮ್ಲೆಟ್ ಪ್ರದರ್ಶನದ ಫಲಕಗಳಿಗೆ ಮಾಹಿತಿ ಬೇಕು

ರಂಗಮಿತ್ರ, ಮಾಟುಂಗಾ

ಮಾಟುಂಗಾದ ನಮ್ಮ ಹವ್ಯಾಸಿ ಕನ್ನಡ ತಂಡ ಹ್ಯಾಮ್ಲೆಟ್ ಆಡಲಿದೆ. ಶೇಕ್ಸ್‌ಪಿಯರನ ಕಾಲದಲ್ಲಿ ನಾಟಕವೊಂದು ಪುಸ್ತಕವಾಗುತ್ತಿದ್ದ ಬಗೆಯನ್ನು ತೋರಿಸುವ ನಾಲ್ಕು ಫಲಕಗಳನ್ನು ಸಭಾಂಗಣದ ಹೊರಗೆ ಇಡಬೇಕೆಂದಿದ್ದೇವೆ. ಜನ ತಾವೇ ಮಡಿಚಿ ನೋಡಲು ಒಂದು ಕ್ವಾರ್ಟೊ (ಎರಡು ಸಲ ಮಡಿಚುವ) ಹಾಳೆಯೂ ಇರುತ್ತದೆ. ಮೊದಲ ಫಲಕದ ಕರಡು ಹೀಗಿದೆ: "ಕಳ್ಳ ಪ್ರಕಾಶಕರು ಪ್ರೇಕ್ಷಕರ ನಡುವೆ ಕೂತು ಮಾತುಗಳನ್ನು ಗೀಚಿಕೊಂಡು 1603ರಲ್ಲಿ ಹ್ಯಾಮ್ಲೆಟ್ ಅಚ್ಚು ಹಾಕಿದರು. ಸಿಟ್ಟಿಗೆದ್ದ ಕವಿ ಮರುವರ್ಷ ನಾಟಕದ ಸರಿಯಾದ ಪಾಠ (ಪಠ್ಯ) ಕೊಟ್ಟ." ಇದನ್ನು ಹಾಗೇ ಹಾಕಬಹುದೇ? ಹಣ ಯಾರು ಹಾಕುತ್ತಿದ್ದರು, ಹಕ್ಕು ಯಾರದು, ಪುಟಗಳು ಹಾಳೆಯಲ್ಲಿ ಹೇಗೆ ಕೂರುತ್ತವೆ, ತಪ್ಪುಗಳು ಎಲ್ಲಿಂದ ಬರುತ್ತಿದ್ದವು, ಇಷ್ಟು ಖಚಿತವಾಗಿ ತಿಳಿಯಬೇಕು.

ಅಚ್ಚುಮೊಳೆ, ಪುಣೆ

ಹಾಳೆಯಿಂದಲೇ ಶುರು ಮಾಡುತ್ತೇನೆ. ಅದು ಕೈಗೆ ಹತ್ತಿದರೆ ತಪ್ಪುಗಳ ವಿಷಯ ಅರ್ಧ ತಾನಾಗಿ ತಿಳಿಯುತ್ತದೆ.

ಹಾಳೆಯನ್ನು ಒಮ್ಮೆ ಮಡಿಚಿದರೆ ಫೋಲಿಯೊ, ಎರಡು ಎಲೆ, ನಾಲ್ಕು ಪುಟ. ಎರಡು ಸಲ ಮಡಿಚಿದರೆ ಕ್ವಾರ್ಟೊ, ನಾಲ್ಕು ಎಲೆ, ಎಂಟು ಪುಟ. ನಿಮಗೆ ಎ3 ಹಾಳೆ ಸಾಕು, ಮಡಿಚಿದಾಗ ಎ5 ಆಗುತ್ತದೆ; ಹಳೆಯ ಕ್ವಾರ್ಟೊಗಿಂತ ತುಸು ಚಿಕ್ಕದು, ಅಷ್ಟೆ. ಹಾಳೆಯನ್ನು ಉದ್ದುದ್ದ ಹಿಡಿಯಿರಿ. ಹೊರಬದಿಯ ಕೆಳಸಾಲಿನಲ್ಲಿ ಎಡಕ್ಕೆ 8, ಬಲಕ್ಕೆ 1. ಮೇಲ್ಸಾಲಿನಲ್ಲಿ ತಲೆಕೆಳಗಾಗಿ ಎಡಕ್ಕೆ 5, ಬಲಕ್ಕೆ 4. ಒಳಬದಿಯ ಕೆಳಸಾಲಿನಲ್ಲಿ ಎಡಕ್ಕೆ 2, ಬಲಕ್ಕೆ 7. ಮೇಲೆ ತಲೆಕೆಳಗಾಗಿ 3 ಮತ್ತು 6. ಎರಡೂ ಬದಿ ಮುದ್ರಿಸುವಾಗ ಪ್ರಿಂಟರಿನಲ್ಲಿ ಉದ್ದ ಅಂಚಿನ ಮೇಲೆ ತಿರುಗಿಸುವ ಆಯ್ಕೆ ಕೊಡಿ. ಗಿಡ್ಡ ಅಂಚು ಕೊಟ್ಟರೆ 1ರ ಬೆನ್ನಿಗೆ 2ರ ಬದಲು 6 ಬಂದು ಎಲ್ಲ ಕೆಡುತ್ತದೆ. ಮೊದಲು ಮೇಲರ್ಧವನ್ನು ಹಿಂದಕ್ಕೆ ಮಡಿಚಿ, ಆಮೇಲೆ 4 ಮತ್ತು 5 ಒಳಗೆ ಎದುರುಬದುರಾಗುವಂತೆ ನಡುವೆ ಮಡಿಚಿ. ನೆತ್ತಿಯ ಮಡಿಕೆಯನ್ನು ಚಾಕುವಿನಿಂದ ಬಿಡಿಸಿದರೆ ಪುಟ ತೆರೆಯುತ್ತದೆ.

ಈಗ ಮೊಳೆ ಜೋಡಿಸುವ ಕಂಪೋಸಿಟರನ ಕಷ್ಟ ನೋಡಿ. ಹಾಳೆಯ ಒಂದು ಬದಿಗೆ ಒಟ್ಟಿಗೆ ಅಚ್ಚಾಗುವ ಪುಟಗಳ ಮೊಳೆಕಟ್ಟು ಒಂದು ಫಾರಂ. ಹೊರಬದಿಯ ಫಾರಂಗೆ 1, 4, 5, 8ನೇ ಪುಟ ಬೇಕು, ಒಳಬದಿಗೆ 2, 3, 6, 7. ಕಥೆಯ ಕ್ರಮದಲ್ಲೇ ಮೊಳೆ ಜೋಡಿಸುತ್ತ ಹೋದರೆ ಏಳು ಪುಟದ ಮೊಳೆ ಕಟ್ಟಿಟ್ಟ ಮೇಲೇ ಮೊದಲ ಫಾರಂ ಮುದ್ರಣಯಂತ್ರಕ್ಕೆ ಹೋಗುವುದು. ಅಷ್ಟು ಮೊಳೆ ಎಷ್ಟೋ ಅಚ್ಚುಕೂಟಗಳಲ್ಲಿ ಇರುತ್ತಿರಲಿಲ್ಲ. ಅದಕ್ಕೇ ಹಸ್ತಪ್ರತಿಯನ್ನು ಮೊದಲೇ ಎಣಿಸಿ, ಯಾವ ಸಾಲು ಯಾವ ಪುಟಕ್ಕೆ ಎಂದು ಗುರುತು ಹಾಕಿ, ಒಂದು ಫಾರಂಗೆ ಬೇಕಾದ ಪುಟಗಳನ್ನಷ್ಟೇ ಜೋಡಿಸುವ ಪದ್ಧತಿಯೂ ಇತ್ತು. ಶೇಕ್ಸ್‌ಪಿಯರನ ನಾಟಕಗಳ ಸಂಗ್ರಹವಾದ 1623ರ ಮೊದಲ ಫೋಲಿಯೊ ಹೀಗೇ ಆಯಿತೆಂದು ವಿದ್ವಾಂಸ ಚಾರ್ಲ್ಟನ್ ಹಿನ್ಮನ್ ಸಾಧಿಸಿ ತೋರಿಸಿದ್ದಾರೆ. ಅಲ್ಲಿ ಮೂರು ಹಾಳೆ ಒಂದರೊಳಗೊಂದು ಸೇರಿ 12 ಪುಟದ ಕಟ್ಟು. ಸಾಮಾನ್ಯವಾಗಿ ಮೊದಲು ಜೋಡಿಸಿದ್ದು 6 ಮತ್ತು 7ನೇ ಪುಟ, ಆಮೇಲೆ 5 ಮತ್ತು 8, ಹೀಗೆ ಹೊರಕ್ಕೆ.

ಪದ್ಯದ ಸಾಲು ಎಣಿಸುವುದು ಸುಲಭ. ಗದ್ಯ ಹಾಗಲ್ಲ, ಎಣಿಕೆ ತಪ್ಪುವುದು ಹೆಚ್ಚಾಗಿ ಅಲ್ಲೇ. ಜಾಗ ಸಾಲದಿದ್ದರೆ ಪದ್ಯವನ್ನೂ ಗದ್ಯದಂತೆ ಒತ್ತೊತ್ತಾಗಿ ತುರುಕುವುದು, ಪದಗಳನ್ನು ಕಿರಿದಾಗಿಸುವುದು, ಕೆಲವೊಮ್ಮೆ ಮಾತನ್ನೇ ಬಿಡುವುದು. ಜಾಗ ಮಿಕ್ಕರೆ ಗದ್ಯವನ್ನು ಪದ್ಯದಂತೆ ಸಾಲು ಮುರಿದು ಹಾಕುವುದು, ರಂಗಸೂಚನೆಯ ಮೇಲೆ ಕೆಳಗೆ ಖಾಲಿ ಬಿಡುವುದು. ಇಂಥ ಕಡೆ ಛಂದಸ್ಸು ಮುರಿದದ್ದಕ್ಕೆ ಪಾತ್ರದ ಮನಃಸ್ಥಿತಿ ಕಾರಣ ಎಂದು ವ್ಯಾಖ್ಯಾನ ಬರೆಯುವ ಮುನ್ನ ಆ ಸಾಲು ಪುಟದ ಯಾವ ಮೂಲೆಯಲ್ಲಿದೆ ಎಂದು ನೋಡಲೇಬೇಕು. ನಟರಿಗೂ ಇದು ತಿಳಿದಿರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ತಪ್ಪುಗಳ ಇನ್ನೊಂದು ಮೂಲ, ಕರಡು ತಿದ್ದುವಿಕೆ. ಮುದ್ರಣ ನಡೆಯುತ್ತಿರುವಾಗಲೇ ಪ್ರೂಫ್ ಓದಿ, ಯಂತ್ರ ನಿಲ್ಲಿಸಿ ಮೊಳೆ ಬದಲಿಸುತ್ತಿದ್ದರು. ಅಷ್ಟರಲ್ಲಿ ಅಚ್ಚಾದ ತಪ್ಪು ಹಾಳೆಗಳನ್ನು ಎಸೆಯುತ್ತಿರಲಿಲ್ಲ, ಕಾಗದ ದುಬಾರಿ. ಹಾಗಾಗಿ ಒಂದೇ ಮುದ್ರಣದ ಎರಡು ಪ್ರತಿಗಳೂ ಪೂರಾ ಒಂದೇ ಆಗಿರುವುದಿಲ್ಲ. 1608ರ ಕಿಂಗ್ ಲಿಯರ್ ಕ್ವಾರ್ಟೊದ 12 ಪ್ರತಿ ಉಳಿದಿವೆ, ತಿದ್ದಿದ ಮತ್ತು ತಿದ್ದದ ಹಾಳೆಗಳು ಅವುಗಳಲ್ಲಿ ಬೆರೆತಿವೆ. ಬಿರುಗಾಳಿಯನ್ನು ಬಣ್ಣಿಸುವ ಒಂದು ವಿಶೇಷಣ ತಿದ್ದದ ಹಾಳೆಯಲ್ಲಿ 'ಕ್ರುಲೆಂಶಿಯಸ್' ಎಂಬ ಅರ್ಥವಿಲ್ಲದ ಪದ, ತಿದ್ದಿದ್ದರಲ್ಲಿ 'ಟೆಂಪೆಸ್ಟಿಯಸ್', 1623ರ ಫೋಲಿಯೊದಲ್ಲಿ 'ಕಂಟೆನ್ಶಿಯಸ್'. ತಿದ್ದಿದವನು ಹಸ್ತಪ್ರತಿ ನೋಡದೆ ಊಹಿಸಿದ್ದಾನೆ ಎಂದೇ ತೋರುತ್ತದೆ. ಫಲಕಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಕೋಟೆಬೀದಿ, ಮುಂಬೈ

ಹಕ್ಕು ಮತ್ತು ಹಣದ ಬಗ್ಗೆ. ನಾಟಕಕಾರನನ್ನು ಫಲಕದ ನಡುವೆ ನಿಲ್ಲಿಸಬೇಡಿ, ಅವನು ಈ ವ್ಯವಹಾರದ ಅಂಚಿನಲ್ಲಿದ್ದವನು. 1590ರ ದಶಕದಲ್ಲಿ ಲಂಡನ್ನಿನ ರಂಗಮಂದಿರದ ಒಡೆಯ ಫಿಲಿಪ್ ಹೆನ್ಸ್‌ಲೊ ಇಟ್ಟ ಲೆಕ್ಕದಂತೆ ಹೊಸ ನಾಟಕಕ್ಕೆ ಸಿಗುತ್ತಿದ್ದದ್ದು ಸುಮಾರು 6 ಪೌಂಡ್. ಅಲ್ಲಿಗೆ ಹಸ್ತಪ್ರತಿ ನಾಟಕ ಕಂಪನಿಯ ಸ್ವತ್ತು. ಕಂಪನಿಯಿಂದಲೋ ಬೇರೆ ದಾರಿಯಲ್ಲೋ ಅದು ಪ್ರಕಾಶಕನ ಕೈಗೆ ಬಂದರೆ, ಅವನು ಮೊದಲು ಸರ್ಕಾರದ ಪರವಾಗಿ ಓದುವವರ ಒಪ್ಪಿಗೆ ಪಡೆಯಬೇಕು, ನಂತರ ಸ್ಟೇಷನರ್ಸ್ ಕಂಪನಿಯ ಅನುಮತಿ. ಅದು 1557ರಲ್ಲಿ ರಾಜಸನ್ನದು ಪಡೆದ ಲಂಡನ್ ಪುಸ್ತಕ ವ್ಯಾಪಾರಿಗಳ ಸಂಘ. ಆರು ಪೆನ್ನಿ ಕೊಟ್ಟು ಅದರ ದಫ್ತರದಲ್ಲಿ ನಾಟಕದ ಹೆಸರು ಬರೆಸಿದರೆ ಹಕ್ಕು ಗಟ್ಟಿ. ಆ ಹಕ್ಕು ಪ್ರಕಾಶಕನದು. ಕಾನೂನು ಲೇಖಕನನ್ನು ಹಕ್ಕುದಾರನೆಂದು ಕಂಡದ್ದು 1710ರ ರಾಣಿ ಆ್ಯನ್ ಶಾಸನದಿಂದ: 14 ವರ್ಷ, ಲೇಖಕ ಬದುಕಿದ್ದರೆ ಇನ್ನೂ 14. ರಂಗದ ಮೇಲೆ ಆಡಿಸುವ ಹಕ್ಕಿಗೆ ಕಾಯಿದೆ ಬರಲು 1833 ಆಗಬೇಕಾಯಿತು.

ಲಾಭದ ಲೆಕ್ಕವನ್ನು ಪುಸ್ತಕ ಇತಿಹಾಸಕಾರ ಪೀಟರ್ ಬ್ಲೇನಿ 1997ರಲ್ಲಿ ಬಿಡಿಸಿಟ್ಟಿದ್ದಾರೆ. 800 ಪ್ರತಿ, ಸಗಟು ಬೆಲೆ 4 ಪೆನ್ನಿ, ಚಿಲ್ಲರೆ 6 ಪೆನ್ನಿ. ಎಲ್ಲ ಸಗಟಿಗೇ ಹೋದರೂ ಕೈಗೆ ಬರುವುದು 13 ಪೌಂಡ್ 6 ಶಿಲಿಂಗ್ 8 ಪೆನ್ನಿ. ಒಂಬತ್ತು ಹಾಳೆಯ ನಾಟಕವಾದರೆ 7,200 ಹಾಳೆ ಕಾಗದ, 480ರ ರೀಮಿನ ಲೆಕ್ಕದಲ್ಲಿ 15 ರೀಮ್, ಅದೂ ಹೆಚ್ಚಿನಂಶ ಫ್ರಾನ್ಸಿನಿಂದ ಬರಬೇಕು. ಇದರಲ್ಲಿ ಕೊಳ್ಳೆ ಹೊಡೆಯುವಂಥ ಲಾಭವೇನೂ ಇರಲಿಲ್ಲ. ಕಾಸು ಗಿಟ್ಟುತ್ತಿದ್ದದ್ದು ಎರಡನೇ ಮುದ್ರಣ ಬೇಕಾದರೆ. ಪ್ರಕಾಶಕರೆಲ್ಲ ನಾಟಕಕ್ಕಾಗಿ ಕನ್ನ ಹಾಕುತ್ತಿದ್ದರು ಎಂಬ ಚಿತ್ರ ಇಲ್ಲೇ ಬಿದ್ದುಹೋಗುತ್ತದೆ.

ಮೋಸ ಇರಲೇ ಇಲ್ಲವೆಂದಲ್ಲ. 1619ರಲ್ಲಿ ಪ್ರಕಾಶಕ ಥಾಮಸ್ ಪೇವಿಯರ್ ಮತ್ತು ಮುದ್ರಕ ವಿಲಿಯಂ ಜಗಾರ್ಡ್ ಶೇಕ್ಸ್‌ಪಿಯರನ ಹೆಸರಿನ ಹತ್ತು ನಾಟಕಗಳನ್ನು ತಂದಾಗ ಕೆಲವಕ್ಕೆ 1600, 1608 ಎಂದು ಸುಳ್ಳು ವರ್ಷ ಹಾಕಿದರು. ಆ ವರ್ಷದ ಮೇ ತಿಂಗಳಲ್ಲಷ್ಟೇ ಅರಮನೆಯ ಹಿರಿಯ ಅಧಿಕಾರಿ ಲಾರ್ಡ್ ಚೇಂಬರ್ಲೇನ್, ರಾಜನ ತಂಡದ (ಶೇಕ್ಸ್‌ಪಿಯರ್ ಇದ್ದ ತಂಡದ) ನಾಟಕಗಳನ್ನು ಅವರ ಒಪ್ಪಿಗೆ ಇಲ್ಲದೆ ಅಚ್ಚು ಹಾಕಬಾರದೆಂದು ಬರೆದಿದ್ದ. ಬೇರೆ ಬೇರೆ ವರ್ಷ ಹೊತ್ತ ಪುಸ್ತಕಗಳಲ್ಲಿ ಒಂದೇ ಕಾಗದದ ನೀರ್ಗುರುತುಗಳಿವೆ (ವಾಟರ್‌ಮಾರ್ಕ್) ಎಂದು ವಿದ್ವಾಂಸ ಡಬ್ಲ್ಯು. ಡಬ್ಲ್ಯು. ಗ್ರೆಗ್ 1908ರಲ್ಲಿ ಗುಟ್ಟು ಬಯಲು ಮಾಡಿದರು. ಮೂರು ಶತಮಾನ ಯಾರಿಗೂ ಗೊತ್ತಾಗಿರಲಿಲ್ಲ!

ರಂಗಮಿತ್ರ, ಮಾಟುಂಗಾ

ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ ಹ್ಯಾಮ್ಲೆಟ್‌ನ ಫಲಕದಲ್ಲಿ ಏನು ಬರೆಯುವುದು? ಕಾಗದ ಎಂಥದ್ದು ಬಳಸಲಿ?

ಕೋಟೆಬೀದಿ, ಮುಂಬೈ

ಗೊತ್ತಿರುವಷ್ಟನ್ನೇ ಬರೆಯಿರಿ, ಅದೇ ಸಾಕಷ್ಟು ಸ್ವಾರಸ್ಯವಾಗಿದೆ. 1602ರ ಜುಲೈ 26ರಂದು ಮುದ್ರಕ ಜೇಮ್ಸ್ ರಾಬರ್ಟ್ಸ್ ಸ್ಟೇಷನರ್ಸ್ ಕಂಪನಿಯ ದಫ್ತರದಲ್ಲಿ ಹ್ಯಾಮ್ಲೆಟ್ ಬರೆಸಿದ. 1603ರ ಮೊದಲ ಕ್ವಾರ್ಟೊ ಬಂದದ್ದು ನಿಕೊಲಸ್ ಲಿಂಗ್ ಮತ್ತು ಜಾನ್ ಟ್ರಂಡೆಲ್ ಹೆಸರಿನಲ್ಲಿ, ಮುದ್ರಿಸಿದವನು ವ್ಯಾಲೆಂಟೈನ್ ಸಿಮ್ಸ್. ಎರಡನೆಯ ಕ್ವಾರ್ಟೊದ ಕೆಲವು ಪ್ರತಿಗಳಲ್ಲಿ 1604, ಕೆಲವದರಲ್ಲಿ 1605 ಎಂದಿದೆ. ಅದನ್ನು ಅದೇ ಲಿಂಗ್‌ಗಾಗಿ ಮುದ್ರಿಸಿದವನು ಅದೇ ರಾಬರ್ಟ್ಸ್. ಲಿಂಗ್ ಕಳ್ಳನಾಗಿದ್ದರೆ ಕಳಕೊಂಡವನೇ ಅವನಿಗೆ ಅಚ್ಚು ಹಾಕಿಕೊಟ್ಟನೇ? ಕರಡಿನ 'ಸಿಟ್ಟಿಗೆದ್ದ ಕವಿ'ಗೆ ದಾಖಲೆಯಿಲ್ಲ, ತೆಗೆದುಬಿಡಿ.

ಮೊದಲ ಕ್ವಾರ್ಟೊ ಸುಮಾರು 2,200 ಸಾಲು, ಎರಡನೆಯದು ಸುಮಾರು 3,700. ಮೊದಲನೆಯದರಲ್ಲಿ ಪೊಲೋನಿಯಸ್‌ನ ಹೆಸರು ಕೊರಾಂಬಿಸ್, 'ಇರುವುದೋ ಇಲ್ಲವಾಗುವುದೋ' ಸ್ವಗತ ಇನ್ನೂ ಮುಂಚೆಯೇ ಬರುತ್ತದೆ. ಮಾರ್ಸೆಲಸ್ ಪಾತ್ರದ ಮಾತುಗಳು ಮಾತ್ರ ಮುಂದಿನ ಪಾಠಗಳಿಗೆ ಚೆನ್ನಾಗಿ ಹೊಂದುವುದರಿಂದ, ಆ ಪಾತ್ರ ಮಾಡಿದ ನಟ ನೆನಪಿನಿಂದ ಹೇಳಿ ಬರೆಸಿದ್ದಾನೆ ಎಂಬ ವಾದ ಬಹುಕಾಲ ನಡೆಯಿತು. ವಿದ್ವಾಂಸೆ ಲಾರಿ ಮಗ್ವಾಯರ್ 1996ರಲ್ಲಿ ಇಂಥ 41 ಸಂಶಯಾಸ್ಪದ ಪಾಠಗಳನ್ನು ಪರೀಕ್ಷಿಸಿ, ನೆನಪಿನ ಗುರುತು ಕೆಲವದರಲ್ಲಿ ಮಾತ್ರ ಸಿಗುತ್ತದೆ ಎಂದರು. ಹಾಗಾಗಿ 'ವಾದ' ಎಂದೇ ಬರೆಯಿರಿ. ಫೋಲಿಯೊ ಮೂರನೆಯ ಪಾಠ: ಎರಡನೆಯ ಕ್ವಾರ್ಟೊದ ಸುಮಾರು 230 ಸಾಲು ಅದರಲ್ಲಿಲ್ಲ, ಅಲ್ಲಿಲ್ಲದ 70ರಷ್ಟು ಸಾಲು ಇದೆ. ನಿಮ್ಮ ಅನುವಾದ ಯಾವ ಪಾಠದ್ದು ಎಂದು ಕರಪತ್ರದಲ್ಲಿ ಹಾಕಿ. ನಾಲ್ಕನೇ ಅಂಕದ ನಾಲ್ಕನೇ ದೃಶ್ಯದ, ಹ್ಯಾಮ್ಲೆಟ್‌ನ ಕೊನೆಯ ದೊಡ್ಡ ಸ್ವಗತ ನಿಮ್ಮ ಪ್ರತಿಯಲ್ಲಿ ಇದ್ದರೆ ಅದು ಎರಡನೆಯ ಕ್ವಾರ್ಟೊದಿಂದ ಬಂದದ್ದು.

ರಂಗಕ್ಕೂ ಅಚ್ಚುಕೂಟಕ್ಕೂ ಇದ್ದ ನಂಟು ತೋರಿಸಲು ಇನ್ನೆರಡು: 1600ರ 'ಮಚ್ ಅಡೊ ಅಬೌಟ್ ನಥಿಂಗ್' ನಾಟಕದ ಕ್ವಾರ್ಟೊದಲ್ಲಿ ಡಾಗ್ಬೆರಿ, ವರ್ಜಸ್ ಮಾತಾಡುವ ಕಡೆ ಕೆಂಪ್, ಕೌಲಿ ಎಂದು ನಟರ ಹೆಸರೇ ಅಚ್ಚಾಗಿದೆ. 1599ರ ರೋಮಿಯೊದಲ್ಲಿ ಪೀಟರ್ ಬರುವಲ್ಲಿ 'ವಿಲ್ ಕೆಂಪ್ ಪ್ರವೇಶ' ಎಂದಿದೆ.

ರಾಯತೂರು, ಗೋವಾ

ನಮ್ಮ ಕಡೆಯ ನೋಡುಗರಿಗಾಗಿ ಫಲಕದ ಕೆಳಗೆ ಒಂದು ಕಾಲರೇಖೆ ಕೊಡಿ. ಲಂಡನ್ನಿನ ಸಂಘಕ್ಕೆ ಸನ್ನದು ಸಿಗುವ ಹಿಂದಿನ ವರ್ಷ, 1556ರಲ್ಲೇ, ಹಳೆ ಗೋವಾದ ಸಂತ ಪಾವ್ಲ್ ಕಾಲೇಜಿನಲ್ಲಿ ಮುದ್ರಣಯಂತ್ರ ಓಡುತ್ತಿತ್ತು. ಶೇಕ್ಸ್‌ಪಿಯರನ ಸಮಕಾಲೀನ ನಾಟಕಕಾರ ಬೆನ್ ಜಾನ್ಸನ್ ತನ್ನ ನಾಟಕಗಳನ್ನು ಫೋಲಿಯೊ ಆಗಿ ತಂದದ್ದು 1616. ಅದೇ ವರ್ಷ ಇಲ್ಲಿನ ರಾಯತೂರಿನಲ್ಲಿ, ಇಂಗ್ಲೆಂಡಿನಿಂದ ಬಂದ ಜೆಸ್ವಿಟ್ ಪಾದ್ರಿ ಥಾಮಸ್ ಸ್ಟೀಫನ್ಸನ ಮರಾಠಿ ಕ್ರಿಸ್ತಪುರಾಣ ರೋಮನ್ ಅಕ್ಷರಗಳಲ್ಲಿ ಅಚ್ಚಾಯಿತು.

ಅಚ್ಚುಮೊಳೆ, ಪುಣೆ

ಕಾಗದ: ನುಣುಪಿನ ಆರ್ಟ್ ಪೇಪರ್ ಬೇಡ, ಎರಡನೇ ಮಡಿಕೆಯಲ್ಲಿ ಬಿರಿಯುತ್ತದೆ. ಮಾಮೂಲಿ 80 ಜಿಎಸ್‌ಎಂ ಸಾಕು, ಕೈಕಾಗದ ಸಿಕ್ಕರೆ ಇನ್ನೂ ಚೆನ್ನ, ಆದರೆ ಪ್ರಿಂಟರಿಗೆ ಹಾಕುವ ಮುನ್ನ ದಪ್ಪ ನೋಡಿಕೊಳ್ಳಿ. ಹಳೆಯ ಕ್ವಾರ್ಟೊದಲ್ಲಿ ಕಾಗದದ ಸರಪಳಿ ಗೆರೆಗಳು (ಕಾಗದ ಮಾಡುವ ಅಚ್ಚಿನ ತಂತಿಗಳಿಂದ ಮೂಡುವ ಗೆರೆಗಳು) ಅಡ್ಡಕ್ಕಿದ್ದು, ನೀರ್ಗುರುತು ಬೆನ್ನಿನ ಮಡಿಕೆಯ ನಡುವೆ ಸಿಕ್ಕಿಕೊಂಡಿರುತ್ತದೆ. ಫೋಲಿಯೊದಲ್ಲಿ ಗೆರೆ ಉದ್ದಕ್ಕೆ, ನೀರ್ಗುರುತು ಎಲೆಯ ನಡುವೆ. ನಿಮ್ಮ ಹಾಳೆಯಲ್ಲಿ ಇದನ್ನು ತೆಳುವಾಗಿ ಬೂದುಬಣ್ಣದಲ್ಲಿ ಮುದ್ರಿಸಿದರೆ ಮಡಿಚಿದವರಿಗೆ ಕಾರಣ ತಾನಾಗಿ ಕಾಣುತ್ತದೆ. ಪ್ರತಿ ಕಟ್ಟಿನ ಮೊದಲ ಮೂರು ಎಲೆಗಳ ಅಡಿಯಲ್ಲಿ ಬಿ, ಬಿ2, ಬಿ3 ಎಂದು ಹಾಕಿ, ನಾಲ್ಕನೆಯದನ್ನು ಖಾಲಿ ಬಿಡಿ. ಪುಟದ ಕೊನೆಗೆ ಮುಂದಿನ ಪುಟದ ಮೊದಲ ಪದ. ಕಟ್ಟುವವನು ಕ್ರಮ ತಪ್ಪದಿರಲು ಇವೆರಡೇ ಆಧಾರ. ನಾಟಕದ ಪುಸ್ತಕಗಳು ರಟ್ಟಿಲ್ಲದೆ, ಬೆನ್ನಿನ ಪಕ್ಕದಲ್ಲಿ ತೂತು ಹಾಕಿ ದಾರ ಹೊಲಿದೇ ಮಾರಾಟವಾಗುತ್ತಿದ್ದವು. ಬೆನ್ನಿನಿಂದ ಒಂದು ಸೆಂಟಿಮೀಟರ್ ಒಳಗೆ ಮೂರು ತೂತು ಸಾಕು. ಒಳ ಅಂಚನ್ನು ಕನಿಷ್ಠ ಎರಡು ಸೆಂಟಿಮೀಟರ್ ಬಿಡದಿದ್ದರೆ ಹೊಲಿಗೆ ಅಕ್ಷರಗಳನ್ನು ನುಂಗುತ್ತದೆ.